ಹೊಳಪು ಕೊಡದೆ ಬಿಟ್ಟ ಪೆನ್ನು

ಅವರು ಬಂದಾಗ ನಾನು ಮೈಸೂರಿನ ವಕೀಲರೊಬ್ಬರ ಪೆನ್ನಿಗೆ ಕೊನೆಯ ಹೊಳಪು ಕೊಡುತ್ತಿದ್ದೆ. ಬಟ್ಟೆಚಕ್ರ ತಿರುಗುವಾಗ ಯಾರು ಕರೆದರೂ ನನಗೆ ಕೇಳುವುದಿಲ್ಲ. ಅತ್ತೆ ಬಂದು ಭುಜ ತಟ್ಟಿ, "ಗೆಟ್ಟವಾಡಿ ಮನು ಅಣ್ಣ ಬಂದು ಜಗ್ಲಿ ಮ್ಯಾಲೆ ಕುಂತವ್ರೆ ಕಣವ್ವ. ನಿನ್ ಗಿರಗಟ್ಲೆ ನಿಲ್ಸು" ಎಂದರು.

ಮನು ಎಂಬುದು ಅವರ ಹೆಸರಲ್ಲ. ತಮಿಳುನಾಡಿಗೆ ಸೇರಿದ ನಮ್ಮ ಬೆಟ್ಟದ ಕಡೆ ಅರ್ಜಿಗೆ ತಮಿಳಿನ 'ಮನು' ಎಂಬ ಮಾತೇ ಬಳಕೆ. ತಾಳವಾಡಿಯ ತಾಲ್ಲೂಕು ಕಚೇರಿಯ ಹತ್ತಿರ ಮರದ ನೆರಳಲ್ಲಿ ಕುಳಿತು ಇಪ್ಪತ್ತು ವರ್ಷಕ್ಕೂ ಮೇಲೆ ಊರೂರಿನವರ ಮನು ಬರೆದುಕೊಟ್ಟವರು ಅವರು. ಪಟ್ಟಾ, ಪಿಂಚಣಿ, ರೇಷನ್ ಕಾರ್ಡು, ಕಾಡುಹಂದಿ ಕಾಟ, ಏನೇ ಇದ್ದರೂ ಪಣಕಹಳ್ಳಿಯ ನಾವೂ ಹೋಗುತ್ತಿದ್ದದ್ದು ಅವರ ಹತ್ತಿರವೇ. ಕೆಲವು ತಿಂಗಳಿಂದ ಅವರು ಮರದ ಕೆಳಗೆ ಕಂಡಿರಲಿಲ್ಲ.

ಕಾಫಿ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಟವೆಲ್ಲಿನೊಳಗಿತ್ತು. ಕಾಫಿ ಮುಗಿದ ಮೇಲೆ ಟವೆಲ್ಲು ಬಿಚ್ಚಿದರು. ಮೇವು ಕತ್ತರಿಸುವ ಮಿಷನ್ನಿಗೆ ಜೋಳದ ಕಡ್ಡಿ ಕೊಡುತ್ತಿದ್ದಾಗ ಆದದ್ದಂತೆ. ತೋರುಬೆರಳು ಬುಡದಿಂದಲೇ ಹೋಗಿತ್ತು. ಹೆಬ್ಬೆರಳಿನ ತುದಿ ಉಗುರಿನ ಸಮೇತ ಹೋಗಿ, ಅಲ್ಲಿ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಮುಚ್ಚಿಕೊಂಡಿತ್ತು.

"ಎಡಗೈಲಿ ಕಲ್ತ್ಕೊಳಾವು ಅಂತ ಮೂರು ತಿಂಗ್ಳು ಒದ್ದಾಡ್ದೆ. ಕೋಳಿ ಕೆರ್ದಂಗೆ ಬತ್ತದೆ ಕಣವ್ವ. ಬಾಲ್ ಪೆನ್ನ ಅದುಮಕ್ಕೆ ಬೆರಳೇ ಇಲ್ಲ. ನೀನು ಕೈಯಲ್ಲೇ ಪೆನ್ನು ಮಾಡೀಯಂತಲ್ಲ, ಈ ಕೈಗೆ ಒಂದು ಮಾಡ್ಕೊಡಕ್ಕಾದ್ದಾ?"

ಎಷ್ಟು ದಿನದೊಳಗೆ ಬೇಕು ಎಂದು ಕೇಳಿದೆ. ಜಮಾಬಂದಿಯೊಳಗೆ ಎಂದರು. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುವಾಗ ಬೆಟ್ಟದ ಮೇಲಿನ ಅಷ್ಟೂ ಊರಿನ ಜನ ಮನು ಹಿಡಿದು ತಾಲ್ಲೂಕು ಕಚೇರಿಗೆ ಬರುತ್ತಾರೆ. ಅದಕ್ಕೆ ಇನ್ನು ಐದು ವಾರವಿತ್ತು.

"ಈಗ ಎಲ್ರೂ ಟೈಪ್ ಮಾಡಿಸ್ತಾರಲ್ಲಣ್ಣ" ಎಂದೆ. ಹೇಳಬಾರದ ಮಾತಾಗಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ತಿಗನಾರೆಯ ಒಬ್ಬ ಹೆಂಗಸಿನ ಕಥೆ ಹೇಳಿದರು. ಕೂಲಿ ಮಾಡುವಾಕೆ, ಒಂದು ತುಂಡು ಹೊಲ, ಎರಡು ದನ. ಆನೆಗಳು ಮುಸುಕಿನ ಜೋಳ ತುಳಿದು, ನೀರಿನ ಪೈಪು ಮುರಿದು, ಕೊಟ್ಟಿಗೆ ಗೋಡೆ ಕೆಡವಿದ್ದವು. ಗೋಡೆ ಬಿದ್ದು ಕರುವಿನ ಕಾಲು ಮುರಿದಿತ್ತು. ಟೈಪ್ ಮಾಡಿಸಿದ ಮನುವಿನಲ್ಲಿ ಇದ್ದದ್ದು 'ಆನೆಗಳಿಂದ ಬೆಳೆ ಹಾನಿ' ಎಂದಷ್ಟೇ. ವಿವರ ಸಾಲದು ಎಂದು ಅದು ವಾಪಸು ಬಂತು.

"ಟೈಪ್ ಮಾಡೋನ್ದು ತಪ್ಪಿಲ್ಲ ಬುಡು. ಅವನ್ ತಾವು ಒಂದು ಅಚ್ಚು ಅದೆ, ಎಸ್ರು ಬದ್ಲಾಯಿಸ್ತನೆ. ಆಯಮ್ಮ ಕನ್ನಡ್ದಲ್ಲಿ ಒಟ್ಟೆ ಉರ್ಕೊಂಡು ಯೋಳದು ಅವ್ನಿಗೆ ಎಂಗೆ ಆಯ್ತದೆ? ನಾನು ಮೊದ್ಲು ಅವ್ರು ಯೋಳಿದಂಗೇ ಕನ್ನಡ್ದಲ್ಲಿ ಬರ್ಕತೀನಿ. ಓದಿ ಯೋಳ್ತೀನಿ. ಊಂ ಅಂದ್ಮ್ಯಾಲೇ ತಮಿಳಲ್ಲಿ ಇಳ್ಸದು. ಈಗ ಆ ಕರುವಿನ ಕಾಲು ಎಲ್ಲೋಯ್ತು, ನೀನೇ ಯೋಳು."

ತಮ್ಮ ಕೆಲಸದ ಕ್ರಮವನ್ನು ಅವರು ಹೀಗೆ ಮೊದಲ ದಿನವೇ ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಲೇ ನನ್ನ ಕಣ್ಣು ಕಪಾಟಿನಲ್ಲಿದ್ದ, ಪೆನ್ನು ಕಡೆಯುವ ಕೋಲುಗಳ ಮೇಲಿತ್ತು.

ಶಾಯಿ ಪೆನ್ನೇ ಆಗಬೇಕು ಎಂಬುದು ಸ್ಪಷ್ಟವಿತ್ತು. ಅದನ್ನು ಒತ್ತಬೇಕಿಲ್ಲ, ನಿಬ್ಬನ್ನು ಹಾಳೆಯ ಮೇಲೆ ಆನಿಸಿ ನಡೆಸಿದರೆ ಸಾಕು. ಮೈ ಯಾವುದರದ್ದು ಎಂಬುದೇ ಪ್ರಶ್ನೆ. ಒಂದೊಂದನ್ನೂ ಅವರ ಕೈಗೆ ಕೊಟ್ಟು ನೋಡಿದೆ. ಹಿತ್ತಾಳೆ ಭಾರ, ಜೊತೆಗೆ ತಣ್ಣಗಿರುವುದು ತಾಗಿದರೆ ಹೊಸ ಚರ್ಮ ಜುಮ್ಮೆನ್ನುತ್ತದೆ ಎಂದರು. ಬಣ್ಣಬಣ್ಣದ ಅಕ್ರಿಲಿಕ್ಕಿಗೂ ಅದೇ ತಣ್ಣನೆಯ ಗುಣ. ಎಮ್ಮೆ ಕೊಂಬು ಚೆಂದ, ಆದರೆ ನಮ್ಮ ಬೆಟ್ಟದ ಬೆಳಗಿನ ಮಂಜಿಗೂ ಮಧ್ಯಾಹ್ನದ ಬಿಸಿಲಿಗೂ ಸಿಕ್ಕಿ ಸೊಟ್ಟಗಾಗುತ್ತದೆ. ಮುರಿದ ಗಾಡಿಯ ಹುಣಸೆ ಮರದ ತುಂಡೊಂದಿತ್ತು. ಹಿಡಿಯುವ ಜಾಗ ಮರದ್ದಾದರೆ ಶಾಯಿ ಕುಡಿದು ಊದಿಕೊಳ್ಳುತ್ತದೆ. ಕೊನೆಗೆ ಎಬೊನೈಟ್ ಕೊಟ್ಟೆ. ಅದು ಗಂಧಕ ಹಾಕಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು, ಹಗುರ, ಕೈಯ ಬಿಸುಪನ್ನು ಬೇಗ ಹೀರಿಕೊಳ್ಳುತ್ತದೆ. ಅದನ್ನು ಹಿಡಿದಾಗ ಅವರ ಮುಖದ ಗಂಟು ಸಡಿಲಾಯಿತು.

ಅಳತೆಗೆ ವರ್ನಿಯರ್ ಸಾಲದು. ಹುತ್ತದ ಮಣ್ಣು ನುಣ್ಣಗಿರುತ್ತದೆ, ಸೋಸಿ ಕಲಸಿ ಪೆನ್ಸಿಲ್ಲಿಗೆ ಮೆತ್ತಿ ಹಿಡಿಸಿದರೆ ಹಿಡಿತದ ಅಚ್ಚು ಸಿಗುತ್ತದೆ ಎಂದುಕೊಂಡು ಬುಟ್ಟಿ ತೆಗೆದುಕೊಂಡು ಹೊರಟೆ. ಅತ್ತೆ ಹಿಂದಿನಿಂದ ಕೂಗಿದರು: "ಉತ್ತದ್ ಮಣ್ಣು ಮುಟ್ಟೀಯೆ, ಕೈ ಮುಗ್ದು ತಗೊವ್ವ!" ಕೈಮುಗಿದೇ ತಂದೆ. ಮಣ್ಣಿನ ಮೇಲೆ ನಡುಬೆರಳು, ಉಂಗುರದ ಬೆರಳು, ಮೊಂಡಾದ ಹೆಬ್ಬೆರಳು, ಮೂರರ ಗುರುತೂ ಮೂಡಿತು.

ಆದರೂ ಮೊದಲನೇ ಪೆನ್ನನ್ನು ನಾನು ಕೈಗಿಂತ ಹೆಚ್ಚಾಗಿ ಕಣ್ಣಿಗಾಗಿ ಮಾಡಿದೆ. ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ನನಗೆ ಹೊಳಪಿನ ಹುಚ್ಚು. ಕಂದು ಕಪ್ಪು ಅಲೆಅಲೆಯಾಗಿರುವ ಎಬೊನೈಟ್ ಕೋಲು ಆರಿಸಿ, ಅಚ್ಚಿನ ದಪ್ಪಕ್ಕೆ ಕಡೆದು, ಉಪ್ಪು ಕಾಗದದಲ್ಲಿ ಒರಟಾದ ನಾನೂರು ನಂಬರಿನಿಂದ ಶುರುಮಾಡಿ ನುಣ್ಣನೆಯ ಎರಡು ಸಾವಿರದವರೆಗೆ ಉಜ್ಜಿ, ಬಟ್ಟೆಚಕ್ರಕ್ಕೆ ಹಿಡಿದೆ. ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ನಾನು ನೋಡಿಕೊಂಡೂ ಆಯಿತು.

ಮನು ಅಣ್ಣ ಎರಡು ಸಾಲು ಬರೆದರು. ಕನ್ನಡದ ಅಕ್ಷರ ಸುತ್ತುವಾಗೆಲ್ಲ ಪೆನ್ನು ಬೆರಳಿನೊಳಗೆ ಉರುಳುತ್ತಿತ್ತು. ನಿಬ್ಬು ಓರೆಯಾಗಿ ಹಾಳೆ ಗೀಚುತ್ತಿತ್ತು. ಹೊಸ ಚರ್ಮಕ್ಕೆ ರೇಖೆಯಿಲ್ಲ, ಬೆವರಿಲ್ಲ, ನುಣುಪಿಗೆ ನುಣುಪು ಸಿಕ್ಕರೆ ಹಿಡಿತ ಎಲ್ಲಿಂದ ಬರಬೇಕು? ಮೂರನೇ ಸಾಲಿಗೆ ಪೆನ್ನು ಜಾರಿ ಸಿಮೆಂಟು ನೆಲಕ್ಕೆ ಬಿದ್ದು ನಿಬ್ಬು ಬಾಗಿತು. ಅವರು ಬಗ್ಗಿ ಎಡಗೈಯಲ್ಲಿ ಎತ್ತಿಕೊಡುತ್ತ, "ಪೆನ್ನು ಬಾಳ ಚೆಂದಾಗದೆ ಕಣವ್ವ, ನನ್ ಕೈಯೇ ಸರಿ ಇಲ್ಲ" ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಚುಚ್ಚಿತು.

ರಾಗಿ ಕೇರುತ್ತಿದ್ದ ಅತ್ತೆ ಸುಮ್ಮನಿರಬೇಕಲ್ಲ. "ಗುದ್ಲಿ ಕಾವ್ಗೆ ಯಾರಾರ ಪಾಲೀಸ್ ಒಡ್ದಾರಾ? ಇಡ್ಕೊಳ ಸಾಮಾನು, ಮುಖ ನೋಡ್ಕೊಳದಲ್ಲ" ಎಂದರು. ಗುದ್ದಲಿ ಕಾವಿಗೂ ಪೆನ್ನಿಗೂ ಎಲ್ಲಿಂದೆಲ್ಲಿಯ ಹೋಲಿಕೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಎರಡನೇ ಪೆನ್ನಿಗೆ ಹಿಡಿಯುವ ಭಾಗದಲ್ಲಿ ಮಣ್ಣಿನ ಅಚ್ಚಿನ ಪ್ರಕಾರ ಮೂರು ಗುಳಿ ತೋಡಿದೆ. ಕೋಲು ತಿರುಗಿಸಿ ಕಡೆಯುವ ಲೇತಿನಲ್ಲಿ ಆಗುವ ಕೆಲಸವಲ್ಲ ಅದು, ಅರದಿಂದ ಕೈಯಲ್ಲೇ ಉಜ್ಜಬೇಕು. ನಾಲ್ಕು ದಿನ ಹಿಡಿಯಿತು. ಒಂದೊಂದು ಬೆರಳೂ ತನ್ನ ತನ್ನ ಗುಳಿಯಲ್ಲಿ ಕುಳಿತರೆ ಪೆನ್ನು ಉರುಳುವ ಮಾತೇ ಇಲ್ಲ. ಅವರು ಬಂದು ಹಿಡಿದರು, ಊರು ಹೆಸರು ಬರೆದರು, ನಾನು ಹೇಳಿದ್ದನ್ನು ಬರೆದರು, ಒಂದು ಹಾಳೆ ತುಂಬಿತು. ಅಕ್ಷರ ಸ್ವಲ್ಪ ನಡುಗುತ್ತಿದ್ದವು, ಆದರೆ ಅವರವೇ ಅಕ್ಷರ, ನಮ್ಮ ಮನೆಯ ಹಳೆಯ ಮನುಗಳಲ್ಲಿ ನಾನು ಕಂಡ ದುಂಡು ಅಕ್ಷರ. ಅವರ ಕಣ್ಣು ತುಂಬಿಕೊಂಡವು. ನಾನೂ ಆ ಸಂಜೆ ಗೆದ್ದೆ ಎಂದುಕೊಂಡು ಅತ್ತೆಯ ಮುಂದೆ ಕೊಚ್ಚಿಕೊಂಡೆ.

ಐದನೇ ದಿನ ಬೆಳಗಿನ ಬಸ್ಸಿಗೆ ವಾಪಸು ಬಂದರು. ಪೆನ್ನನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು.

"ತಪ್ಪು ತಿಳ್ಕೋಬ್ಯಾಡ ಕಣವ್ವ. ಕನ್ನಡ ಓಡ್ತದೆ, ತಮಿಳು ಓಡಕಿಲ್ಲ."

ಬರೆದು ತೋರಿಸಿ ಎಂದೆ. ಬರೆಯುವಾಗ ಮೊದಲ ಬಾರಿಗೆ ಹಾಳೆ ಬಿಟ್ಟು ಅವರ ಕೈ ನೋಡಿದೆ. ಕನ್ನಡಕ್ಕೆ ಪೆನ್ನನ್ನು ನಿಬ್ಬಿನ ಹತ್ತಿರ ತಗ್ಗಿಸಿ, ವಾಲಿಸಿ ಹಿಡಿದು, ಮಣಿಕಟ್ಟಿನಿಂದ ಸುತ್ತುತ್ತಾರೆ. ತಮಿಳಿಗೆ ಬಂದೊಡನೆ ಕೈ ತಾನಾಗಿ ಒಂದು ಬೆರಳಗಲ ಮೇಲಕ್ಕೆ ಸರಿಯುತ್ತದೆ, ಪೆನ್ನು ನೆಟ್ಟಗಾಗುತ್ತದೆ, ಉದ್ದ ಗೆರೆ ಅಡ್ಡ ಗೆರೆ ಎಳೆಯಲು ಬೆರಳು ಚಾಚಬೇಕಾಗುತ್ತದೆ. ಮೇಲಕ್ಕೆ ಸರಿದ ಬೆರಳಿಗೆ ಗುಳಿಯ ಅಂಚು ತಾಗಿ ಕೆಳಕ್ಕೆ ತಳ್ಳುತ್ತಿತ್ತು. ಕನ್ನಡ ಕಲಿಸಿದ್ದು ಅವರ ಅಪ್ಪ, ಜಗಲಿಯಲ್ಲಿ ಮರಳು ಹರಡಿ. ತಮಿಳು ಕಲಿಸಿದ ಮೇಷ್ಟ್ರು ಪೆನ್ನು ವಾಲಿದರೆ ಗೆಣ್ಣಿನ ಮೇಲೆ ಅಡಿಕೋಲಿನಿಂದ ಬಾರಿಸುತ್ತಿದ್ದರಂತೆ. ಎರಡು ಕಲಿಕೆಗೆ ಎರಡು ಹಿಡಿತ.

ನಾನು ಕುಳಿತಲ್ಲೇ ಇಳಿದುಹೋದೆ. ಈ ಬೆಟ್ಟದ ಮೇಲೆ ಹುಟ್ಟಿದ ಯಾರಿಗಾದರೂ ಹೊಳೆಯಬೇಕಾದ ಮಾತು ಅದು. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಒಂದು. ನನ್ನ ಸ್ವಂತ ಸಹಿಯೇ ಶಾಲೆಯ ದಿನದಿಂದ ತಮಿಳಿನಲ್ಲಿದೆ. ಆದರೂ ಇಬ್ಬರೂ ಕನ್ನಡದವರು ಎಂದು ಪರೀಕ್ಷೆಗೆ ಕನ್ನಡವನ್ನಷ್ಟೇ ಬರೆಸಿದ್ದೆ. ಅವರು ಮೊದಲ ದಿನ ಹೇಳಿದಾಗ ನಾನು ಕೇಳಿಸಿಕೊಂಡಿದ್ದರೆ ಎರಡು ವಾರ ಉಳಿಯುತ್ತಿತ್ತು. ಜಮಾಬಂದಿಗೆ ಈಗ ಎರಡೇ ವಾರ ಬಾಕಿ.

"ಎರಡು ಪೆನ್ನು ಮಾಡಿಕೊಡ್ತೀನಿ ಬುಡಣ್ಣ. ಕನ್ನಡಕ್ಕೊಂದು, ತಮಿಳಿಗೊಂದು" ಎಂದೆ. ಸುಲಭದ ದಾರಿ.

ಅವರು ನಕ್ಕರು. "ಒಂದು ಪೆನ್ನಿನ ಟೋಪಿ ತೆಗ್ದು ಆಕೋದ್ರಲ್ಲೇ ನಂಗೆ ಬೆವ್ರು ಕಿತ್ಕತದೆ. ಎದ್ರುಗಡೆ ಜನ ನಿಂತಿರ್ತಾರೆ. ಇದ ಮಡಗಿ ಅದ ಎತ್ತು, ಅದ ಮಡಗಿ ಇದ ಎತ್ತು ಅಂದ್ರೆ ನಾನು ಮನು ಬರೆಯೋನಾ, ಮೋಡಿ ಆಡೋನಾ?"

ಹಾಗಾದರೆ ಗುಳಿ ಬೇಡ, ಉದ್ದನೆಯ ಸಪಾಟು ಹಿಡಿ ಬೇಕು, ಕೈ ಎಲ್ಲಿಗೆ ಬೇಕಾದರೂ ಸರಿಯುವಂತಿರಬೇಕು. ಆದರೆ ಸಪಾಟು ಮಾಡಿದರೆ ಮೊದಲಿನಂತೆ ಉರುಳುತ್ತದೆ. ಆಕಾರದಿಂದ ಆಗದ ಕೆಲಸವನ್ನು ಮೈಯ ಒರಟಿನಿಂದಲೇ ಮಾಡಿಸಬೇಕಿತ್ತು. ಒಂದು ಕಪ್ಪು ಎಬೊನೈಟ್ ಕೋಲನ್ನು ಲೇತಿಗೆ ಕಟ್ಟಿ, ಬಳೆಬಳೆಯಾಗಿ ಒಂದೊಂದು ಇಂಚಿಗೆ ಒಂದೊಂದು ಒರಟು ಕೊಡುತ್ತ ಬಂದೆ. ಒಂದು ಇಂಚು ಕನ್ನಡಿ ಹೊಳಪು, ಒಂದು ಎಂಟುನೂರು ನಂಬರು, ಒಂದು ನಾನೂರು. ಕೊನೆಯ ಇಂಚಿಗೆ ಬರುವಾಗ ಕರೆಂಟು ಹೋಯಿತು. ಮನು ಅಣ್ಣ ಜಗಲಿಯಲ್ಲಿ ಕಾಯುತ್ತಿದ್ದರು, ಅವರ ಬಸ್ಸಿಗೆ ಹೊತ್ತಾಗಿತ್ತು. ನಿಂತ ಲೇತಿನ ಮೇಲೆಯೇ ಆ ಇಂಚನ್ನು ಕೈಯಲ್ಲಿ ಉದ್ದುದ್ದಕ್ಕೆ ಉಜ್ಜಿ ಮುಗಿಸಿ, ಕೋಲು ಬಿಚ್ಚಿ ಅವರ ಕೈಗೆ ಕೊಟ್ಟೆ.

ಕಣ್ಣು ಮುಚ್ಚಿ ಮೊಂಡು ಹೆಬ್ಬೆರಳಿನಿಂದ ತಡವುತ್ತ ಬಂದರು. ಹೊಳಪಿನ ಮೇಲೆ ನಿಲ್ಲಲಿಲ್ಲ. ಕೊನೆಯ ಇಂಚಿಗೆ ಬಂದು ನಿಂತರು. ಕೋಲನ್ನು ಬೆರಳುಗಳ ನಡುವೆ ಹೊರಳಿಸಲು ನೋಡಿದರು. "ಇಲ್ಲಿ ಉಳ್ಳಾಕಿಲ್ಲ" ಎಂದರು. ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ ನಾನೂರು ನಂಬರಿನ ಇಂಚು ಹಿಡಿದು ಕೋಲನ್ನು ನೆಟ್ಟಗೆ ಮಾಡಿದರು. "ಇಲ್ಲಿ ಜಾರಾಕಿಲ್ಲ."

ಭೂತಗನ್ನಡಿ ಹಿಡಿದು ನೋಡಿದಾಗ ಅರ್ಥವಾಯಿತು. ಲೇತು ತಿರುಗುವಾಗ ಉಜ್ಜಿದರೆ ಸಣ್ಣ ಗೀರುಗಳು ಬಳೆಯಂತೆ ಸುತ್ತ ಬೀಳುತ್ತವೆ. ಬೆರಳು ಆ ಬಳೆಗಳಿಗೆ ತಡೆದು ನಿಲ್ಲುತ್ತದೆ, ಕೆಳಕ್ಕೆ ಜಾರುವುದಿಲ್ಲ. ಕೈಯಲ್ಲಿ ಉದ್ದಕ್ಕೆ ಉಜ್ಜಿದರೆ ಗೀರುಗಳು ನಿಬ್ಬಿನ ಕಡೆಗೆ ಸಾಗುತ್ತವೆ, ಅವು ಉರುಳುವುದನ್ನು ತಡೆಯುತ್ತವೆ. ನೆಟ್ಟಗೆ ಹಿಡಿಯುವ ತಮಿಳಿಗೆ ಬೇಕಾದದ್ದು ಜಾರದ ಮೈ, ಸುತ್ತಿ ಬರೆಯುವ ಕನ್ನಡಕ್ಕೆ ಬೇಕಾದದ್ದು ಉರುಳದ ಮೈ. ಇಷ್ಟು ವರ್ಷ ನಾನು ಈ ಗೀರುಗಳನ್ನು ಅಳಿಸುವುದೇ ಕಸುಬು ಎಂದುಕೊಂಡಿದ್ದೆ.

ಮೂರನೇ ಪೆನ್ನು ಒಂಬತ್ತು ದಿನದಲ್ಲಿ ಮುಗಿಯಿತು. ಹಿಡಿಯುವ ಭಾಗ ಸಾಮಾನ್ಯಕ್ಕಿಂತ ಒಂದೂವರೆ ಪಟ್ಟು ಉದ್ದ. ಕೆಳಗಿನ ಅರ್ಧಕ್ಕೆ ಲೇತು ನಿಲ್ಲಿಸಿ ಉದ್ದ ಗೀರು, ಮೇಲಿನ ಅರ್ಧಕ್ಕೆ ಲೇತು ತಿರುಗಿಸಿ ಸುತ್ತು ಗೀರು. ಮುಚ್ಚಳಕ್ಕೆ ತಿರುಪು ಬೇಡ, ಒಂದೇ ಕೈಯಲ್ಲಿ ತಳ್ಳಿದರೆ ಬರುವಂತೆ ಬಿಗಿ ಇಟ್ಟೆ. ಆ ಬಿಗಿ ಹದಕ್ಕೆ ತರಲು ಎರಡು ಮುಚ್ಚಳ ಹಾಳಾದವು. ನಿಬ್ಬಿನ ತುದಿಯನ್ನು ನುಣ್ಣನೆಯ ಕಲ್ಲಿನ ಮೇಲೆ ತುಸು ದುಂಡಗೆ ತಿಕ್ಕಿದೆ, ಸ್ವಲ್ಪ ಓರೆಯಾದರೂ ಬರೆಯಲಿ ಎಂದು.

ಎಲ್ಲ ಸೇರಿಸಿ ಮೇಜಿನ ಮೇಲಿಟ್ಟು ನೋಡಿದೆ. ಮೈಯೆಲ್ಲ ಬೂದುಗಪ್ಪು, ಮಂಕು. ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತಿತ್ತು. ಜಮಾಬಂದಿಗೆ ಸುತ್ತಿನ ಊರಿನವರೆಲ್ಲ ಬರುತ್ತಾರೆ, ಇದು ಇಂಥವಳು ಮಾಡಿದ್ದು ಎಂದು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ಸುಳ್ಳೇಕೆ ಹೇಳಲಿ, ಹಿಡಿಯ ಭಾಗ ಬಿಟ್ಟು ಮಿಕ್ಕಿದ್ದಕ್ಕಾದರೂ ಒಂದು ಸಲ ಹೊಳಪು ಕೊಡೋಣ ಎಂದು ಬಟ್ಟೆಚಕ್ರದ ಸ್ವಿಚ್ಚು ಹಾಕಿದೆ. ಪೆನ್ನು ಚಕ್ರಕ್ಕೆ ತಾಗುವ ಮೊದಲು ಹಿಡಿದ ನನ್ನ ಕೈಯೇ ನೆನಪಿಸಿತು. ಮುಚ್ಚಳವನ್ನು ಅವರು ಹೆಬ್ಬೆರಳಿನ ಮೊಂಡಿನಿಂದ ತಳ್ಳಿ ತೆಗೆಯಬೇಕು, ಅಲ್ಲಿಯೂ ಜಾರಬಾರದು. ಮುಚ್ಚಳ ತೆಗೆದು ಪೆನ್ನಿನ ಬೆನ್ನಿಗೆ ಸಿಕ್ಕಿಸುತ್ತಾರೆ, ಅಲ್ಲಿಯೂ ಜಾರಬಾರದು. ಅವರ ಕೈ ಮುಟ್ಟದ ಜಾಗ ಆ ಪೆನ್ನಿನಲ್ಲಿ ಎಲ್ಲಿಯೂ ಇರಲಿಲ್ಲ. ಸ್ವಿಚ್ಚು ಆರಿಸಿದೆ. ಅತ್ತೆಯ ಗುದ್ದಲಿ ಕಾವು ಗೆದ್ದಿತ್ತು.

ಜಮಾಬಂದಿಯ ದಿನ ನಾನೂ ತಾಳವಾಡಿಗೆ ಹೋದೆ. ಮರದ ಕೆಳಗೆ ಹನ್ನೆರಡು ಹದಿಮೂರು ಜನ ಆಗಲೇ ಅವರನ್ನು ಸುತ್ತುವರಿದಿದ್ದರು. ನಾನು ಸ್ವಲ್ಪ ದೂರದಲ್ಲಿ ನಿಂತೆ. ತಿಗನಾರೆಯ ಆ ಹೆಂಗಸು ಎದುರಿಗೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಮನು ಅಣ್ಣ ಕನ್ನಡದಲ್ಲಿ ಬರೆದುಕೊಂಡದ್ದನ್ನು ಓದಿ ಹೇಳುತ್ತಿದ್ದರು.

"...ಗೋಡೆ ಬಿದ್ದು ಕರುವಿನ ಕಾಲು ಮುರಿದು..."

"ಕರ ಅಲ್ಲ ಕಣಣ್ಣ, ಕಡಸು. ಇನ್ನೊಂದೆರಡು ತಿಂಗ್ಳಿಗೆ ಓರಿಗೆ ಬುಡಾವು ಅಂತಿದ್ದೊ. ಎಡಗಡೆ ಇಂಗಾಲು. ಅದ ಬರಿ."

"ಎಡಗಡೆ ಇಂಗಾಲು. ಬರ್ದೆ ಕಣವ್ವ."

'ಕರು' ಹೊಡೆದುಹಾಕಿ ಮೇಲೆ 'ಕಡಸು' ಎಂದು ಬರೆದರು. ಆಮೇಲೆ ಬಿಳಿ ಹಾಳೆ ತೆಗೆದರು. ಕೈ ಒಂದು ಬೆರಳಗಲ ಮೇಲಕ್ಕೆ ಸರಿಯಿತು, ಪೆನ್ನು ನೆಟ್ಟಗಾಯಿತು, ತಮಿಳು ಇಳಿಯತೊಡಗಿತು. ನಡುವೆ ಒಂದೆರಡು ಸಲ ಕೈ ನೋಯುತ್ತದೆಂದು ಜಾಡಿಸಿಕೊಂಡರು. ಪೆನ್ನು ಬೀಳಲಿಲ್ಲ. ನಾನು ಉಸಿರು ಬಿಟ್ಟೆ. ನನ್ನ ಕೆಲಸದ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಪೆನ್ನನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಅಕ್ಷರದ ಮೇಲಿತ್ತು.

ಆ ಮನುವಿಗೆ ಪರಿಹಾರ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ವಾಪಸು ಬರಲಿಲ್ಲ ಎಂದಷ್ಟೇ ಕೇಳಿದೆ.

ಏಳೆಂಟು ತಿಂಗಳ ಮೇಲೆ ಅವರು ಮತ್ತೆ ನಮ್ಮ ಜಗಲಿಗೆ ಬಂದರು. ಶಾಯಿ ಕಟ್ಟಿಕೊಂಡಿದೆ, ತೊಳೆದುಕೊಡು ಎಂದರು. ನಿಬ್ಬು ಕಿತ್ತು ಬಿಸಿನೀರಿಗೆ ಹಾಕಿ, ಹಿಡಿಯನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದೆ. ನಾನು ಕೊಡದೆ ಬಿಟ್ಟ ಹೊಳಪು ಅಲ್ಲಿತ್ತು. ಎರಡು ಕಡೆ ಇತ್ತು, ಬೆರಳು ಕೂತಲ್ಲಿ ಕೆಳಗಷ್ಟು, ಮೇಲಷ್ಟು. ಕೆಳಗಿನ ಹೊಳಪು ಮೇಲಿನದಕ್ಕಿಂತ ಎದ್ದು ಕಾಣುತ್ತಿತ್ತು. ಕಚೇರಿಗೆ ಹೋಗುವುದು ತಮಿಳಿನ ಹಾಳೆ ಒಂದೇ ಅಲ್ಲವೇ, ಕನ್ನಡದ ಜಾಗ ಇಷ್ಟೇಕೆ ಸವೆದಿದೆ ಎಂದು ಕೇಳಿದೆ.

"ಜನ ಒಂದೇ ಸಲಕ್ಕೆ ಯೋಳ್ಬುಟ್ಟಾರಾ ಕಣವ್ವ? ಅತ್ಕೊಂಡು ಒಂದ್ಸಲ ಯೋಳ್ತರೆ. ಬೈಕೊಂಡು ಒಂದ್ಸಲ ಯೋಳ್ತರೆ. ಮೂರ್ನೇ ಸಲಕ್ಕೆ ಆದದ್ದ ಯೋಳ್ತರೆ. ಎಲ್ಲಾನೂ ಬರ್ಕಬೇಕಲ್ಲ."

ಹೊಳಪು ಬಂದಿದೆಯಲ್ಲ, ಜಾರುತ್ತದೆಯೇ, ಮತ್ತೆ ಒರಟು ಮಾಡಿಕೊಡಲೇ ಎಂದೆ. "ಬ್ಯಾಡ ಬುಡು. ಈಗ ಕೈಗೆ ಗೊತ್ತಾಗದೆ" ಎಂದರು.

ನಿಬ್ಬು ಒರೆಸಿ ಜೋಡಿಸಿ, ಶಾಯಿ ತುಂಬಿ, ಪರೀಕ್ಷೆಗೆಂದು ಹಾಳೆಯ ಮೇಲೆ ನಾಲ್ಕು ಅಕ್ಷರ ಬರೆಯಲು ಪೆನ್ನು ಹಿಡಿದೆ. ನನ್ನ ಹೆಬ್ಬೆರಳು ಅವರ ಹೆಬ್ಬೆರಳು ಸವೆಸಿದ ನುಣುಪಿನ ಮೇಲೆ ಕುಳಿತಿತು. ನಡುಬೆರಳೂ ತನ್ನ ಜಾಗ ಹುಡುಕಿಕೊಂಡಿತು. ತೋರುಬೆರಳು ಬಂದು ಕುಳಿತ ಜಾಗ ಮಾತ್ರ, ನಾನು ಲೇತಿನಿಂದ ಬಿಚ್ಚಿದ ದಿನ ಇದ್ದ ಹಾಗೆಯೇ ಇನ್ನೂ ಒರಟಾಗಿತ್ತು.